ಒದ್ದೆ ಕಾರ್ಪೆಟ್ ಸುತ್ತಿಟ್ಟವನು ನಾನು

"ಅಕ್ಕಾರ, ಅಂವ ಸುತ್ತಿಟ್ಟಾನ್ರೀ. ನಾ ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ" ಎಂದೆ.

ಸುಳ್ಳು. ಒದ್ದೆ ಕಾರ್ಪೆಟ್ ಸುತ್ತಿಟ್ಟವನು ನಾನು. ಬೇಡ ಎಂದವರು ಹಕೀಮ್ ಚಾಚಾ.

ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಹೇಳಿದ್ದು ಕನ್ನಡದಲ್ಲಿ, ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಹುಡುಗ ತಪ್ಪು ಒಪ್ಪಿಕೊಳ್ಳುತ್ತಿದ್ದಾನೆ ಅಂದುಕೊಂಡರು. ಎದೆಯ ಮೇಲೆ ಕೈಯಿಟ್ಟು ಆ ಅಕ್ಕನ ಮುಂದೆ ತಲೆ ಬಾಗಿಸಿದರು. ನನ್ನ ಪರವಾಗಿ ಕ್ಷಮೆ ಕೇಳಿದ್ದು ಅದು. ಮೂರು ವರ್ಷವಾಯಿತು. ಆ ಕೈ — ಇರಲಿ.

ನಾನು ಕಲಬುರಗಿ ಕಡೆಯವನು. ಏಳನೇ ಕ್ಲಾಸಿಗೆ ಸಾಲೆ ಬಿಟ್ಟೆ. ಮಲೇಶಿಯಾದಲ್ಲಿ, ಸುಬಾಂಗ್ ಜಯಾ ಎಂಬ ಊರಿನ ಒಂದು ಶೆಡ್ಡಿನಲ್ಲಿ ಕಾರ್ಪೆಟ್ ತೊಳೆಯುತ್ತೇನೆ. ಚಂದ ಮಾಡಿ ಬರೆಯಲು ಬರುವುದಿಲ್ಲ. ಬಂದಿದ್ದರೂ ಇದಕ್ಕೆ ಚಂದ ಯಾಕೆ.

ಚಾಚಾ ಅಫ್ಘಾನಿಸ್ತಾನದವರು, ಅರವತ್ತು ದಾಟಿತ್ತು. ಹರಿದ ಕಾರ್ಪೆಟ್ಟಿನ ಅಂಚು ಕಟ್ಟುವುದು, ತೂತು ಬಿದ್ದಲ್ಲಿ ನೇಯುವುದು ಅವರ ಕೆಲಸ. ಕೆಲಸದ ಪರ್ಮಿಟ್ ಇರಲಿಲ್ಲ, ನಿರಾಶ್ರಿತರ ಕಾರ್ಡು ಮಾತ್ರ. ಪೊಲೀಸರು ಬಂದರೆ ನಮ್ಮ ತಮಿಳು ಬಾಸ್ "ನಮ್ಮ ಅಂಕಲ್ ಲಾ" ಎಂದು ಏನೋ ಹೇಳಿ ಕಳಿಸಿಬಿಡುತ್ತಿದ್ದ. ಆ ಶೆಡ್ಡೇ ಅವರಿಗೆ ಆಸರೆ. ಮಗಳು ಝರ್ಮೀನಾ ಪೇಶಾವರದಲ್ಲಿ ನೆಂಟರ ಮನೆಯಲ್ಲಿದ್ದಳು. ಅವಳನ್ನು ಹೇಗಾದರೂ ಇಲ್ಲಿಗೆ ಕರೆಸಿ ಓದಿಸಬೇಕು, ಅದೊಂದೇ ಅವರ ಮಾತು. ನನ್ನ ಊರಿನ ಉರ್ದು, ಅವರ ಪೇಶಾವರದ ಉರ್ದು ಸೇರಿ ನಮ್ಮ ನಡುವೆ ಮಾತು ನಡೆಯುತ್ತಿತ್ತು.

ಒಂದು ದಿನ ಬಾಂಗ್ಸಾರ್ ಬಡಾವಣೆಯಿಂದ ಒಬ್ಬ ಮೈಸೂರಿನ ಅಕ್ಕ ಹಳೇ ಕಾರ್ಪೆಟ್ ತಂದರು. ಅವರ ಮಾವ ಕಾಬೂಲಿನಲ್ಲಿ ಇಂಜಿನಿಯರ್ ಆಗಿದ್ದಾಗ ಕೊಂಡದ್ದಂತೆ. ಸುತ್ತ ಕೆಂಪು, ನಡುವೆ ನಾಲ್ಕು ಚಿತ್ರ. ಬಿಚ್ಚಿ ಹಾಸಿದ ಕೂಡಲೇ ಚಾಚಾ ಮಂಡಿಯೂರಿ ಕೂತುಬಿಟ್ಟರು. "ಬಾದಶಾಹ್" ಎಂದರು. ಅವರ ದೇಶದ ಒಬ್ಬ ಹಳೇ ದೊರೆ. ನಾಲ್ಕು ಚಿತ್ರವೂ ಅವನ ಕಥೆ.

ಅಂಚು ಕಟ್ಟುತ್ತಾ ದಿನಕ್ಕೊಂದು ಚಿತ್ರ ಹೇಳಿದರು. ಮೊದಲನೆಯದರಲ್ಲಿ ಅವನು ಕುದುರೆಯ ಮೇಲಿದ್ದ. ಬೇಟೆಗೆ ಹೋದ ಅಪ್ಪನನ್ನು ಡೇರೆಯಲ್ಲೇ ಯಾರೋ ಗುಂಡಿಟ್ಟು ಕೊಂದರು, ಮಗ ಪಟ್ಟಕ್ಕೆ ಬಂದ. ಬಂದವನೇ ಇಂಗ್ಲಿಷರ ಮೇಲೆ ಯುದ್ಧ ಹೂಡಿ ದೇಶ ಬಿಡಿಸಿಕೊಂಡ. ಎರಡನೆಯದರಲ್ಲಿ ಪುಸ್ತಕ ಹಿಡಿದ ಹುಡುಗಿಯರ ಸಾಲು. ಹೆಣ್ಣುಮಕ್ಕಳಿಗೆ ಸ್ಕೂಲು ತೆರೆಸಿದ್ದ. ಚಾಚಾರ ಅಜ್ಜಿ ಅಲ್ಲಿ ಓದಿದವಳು. "ಇವಳೇ ನನ್ನ ಅಜ್ಜಿ ಅಂದುಕೊ" ಎಂದು ಒಬ್ಬಳ ಮೇಲೆ ಬೆರಳಿಟ್ಟರು. ಮೂರನೆಯದು ಹಡಗು. ರಾಣಿಯನ್ನು ಕರೆದುಕೊಂಡು ಯುರೋಪೆಲ್ಲ ಸುತ್ತಿ ಬಂದ. ಬಂದ ಮೇಲೆ ಮಂದಿ ಅವನನ್ನು ಓಡಿಸಿಬಿಟ್ಟರು.

"ಇಷ್ಟು ಚಲೋ ಇದ್ದಂವನ್ನ ಮಂದಿ ಯಾಕ ಓಡಿಸಿದ್ರು ಚಾಚಾ?"

"ಅವಸರ, ಬಚ್ಚಾ. ಸಭೆಗೆ ಹಳ್ಳಿಯಿಂದ ಬಂದ ಮುದುಕರಿಗೆಲ್ಲ ಒಂದೇ ದಿನಕ್ಕೆ ಕೋಟು ಹ್ಯಾಟು ಹಾಕಿಸಿ ಕೂರಿಸಿದ. ನನ್ನ ಅಜ್ಜನಿಗೂ ಹಾಕಿಸಿದ. ಅಜ್ಜ ಮನೆಗೆ ಬಂದು ಆ ಹ್ಯಾಟಿನಲ್ಲಿ ಕೋಳಿಗೆ ಕಾಳು ಹಾಕಿದ."

ಇಬ್ಬರೂ ನಕ್ಕೆವು. ನಾಲ್ಕನೆಯ ಚಿತ್ರದಲ್ಲಿ ಬೆಳ್ಳನೆಯ ಹಿಮ, ಅದರೊಳಗೆ ಒಂದು ಕಾರು. "ಅದು ಆಮೇಲೆ" ಎಂದರು.

ಶುಕ್ರವಾರ ಕಾರ್ಪೆಟ್ ತೊಳೆದೆವು. ನಮಾಜಿಗೆ ಹೊರಟ ಚಾಚಾ ಬಾಗಿಲಿಂದ ತಿರುಗಿ ಬಂದು ಹೇಳಿದರು: "ಹಾಸಿಯೇ ಇರಲಿ. ಒಣಗುವ ತನಕ ಸುತ್ತಬೇಡ. ಕೆಂಪು ಬಣ್ಣ ಬಿಟ್ಟು ಹರಡುತ್ತದೆ." ಹೂಂ ಎಂದೆ. ಶುಕ್ರವಾರ ನಮಾಜಾದ ಮೇಲೆ ಅವರು ಶೆಡ್ಡಿಗೆ ಬರುತ್ತಿರಲಿಲ್ಲ. ಅವರು ಅತ್ತ ಹೋದರು, ಇತ್ತ ಒಂದು ಕಾಂಡೋ ಅಪಾರ್ಟ್‌ಮೆಂಟಿನಿಂದ ಲಾರಿ ತುಂಬ ಕಾರ್ಪೆಟ್ ಬಂತು. ನೆಲ ಸಾಲಲಿಲ್ಲ. ಒಂದನ್ನು ಎತ್ತಿ ಹೊರಗೆ ಹಾಸುವುದು ಹತ್ತು ನಿಮಿಷದ ಕೆಲಸ. ಸಂಜೆ ನಮ್ಮ ಕಡೆ ಹುಡುಗರ ಕ್ರಿಕೆಟ್ ಇತ್ತು. ಬಾದಶಾಹನನ್ನು ಸುತ್ತಿ ಮೂಲೆಗೆ ಒರಗಿಸಿ ಹೋದೆ. ಶನಿವಾರ, ಭಾನುವಾರ ಶೆಡ್ಡಿಗೆ ಬೀಗ.

ಸೋಮವಾರ ಬಿಚ್ಚಿದಾಗ ಹಿಮವೆಲ್ಲ ಕೆಂಪಾಗಿತ್ತು. ಹುಡುಗಿಯರಿಗೆ ಮುಖವಿರಲಿಲ್ಲ.

ಚಾಚಾ ಬೈಯಲಿಲ್ಲ. ಅಜ್ಜಿ ಅಂದಿದ್ದ ಹುಡುಗಿಯ ಮೇಲೆ ಬೆರಳಾಡಿಸಿದರು. ಆಮೇಲೆ, "ಆ ತಾಯಿ ನಿನ್ನ ಭಾಷೆಯವರು. ನೀನೇ ಹೇಳು. ನಿಜ ಹೇಳಿದರೆ ಎರಡು ಮಾತು ಬೈದು ಬಿಡುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ" ಎಂದರು.

ಅಕ್ಕ ಬಂದರು. ನೋಡಿದವರೇ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. "ಏನಪ್ಪಾ ಇದು? ನಮ್ಮ ಮಾವನವರದ್ದು ಕಣಪ್ಪಾ. ಇದನ್ನ ಯಾರು ಮಾಡಿದ್ದು, ಅಷ್ಟು ಹೇಳು."

ಆಗ ನಾನು ಹೇಳಿದ್ದೇ ಮೇಲಿನ ಮಾತು. ಅದುವರೆಗೆ ಚಾಚಾರನ್ನು 'ಅಂವ' ಎಂದು ಕರೆದವನೇ ಅಲ್ಲ.

ಹೆದರಿಕೆಯಿಂದ ಹೇಳಿದೆ ಎಂದು ಬರೆಯಬಹುದು. ಆದರೆ ನನಗೇನು ಆಗುತ್ತಿತ್ತು? ನನ್ನ ಹತ್ತಿರ ಪರ್ಮಿಟ್ ಇತ್ತು. ಬಾಸ್ ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದ, ಅಷ್ಟೇ. ಆ ಅಕ್ಕನ ಕಣ್ಣಲ್ಲಿ ನೀರು ನೋಡಿದೆ, ಬಾಯಿಗೆ ಸುಳ್ಳು ಬಂತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ. ಸಿಕ್ಕಿಲ್ಲ.

ಅಕ್ಕ ಒಳಗೆ ಬಾಸ್ ಹತ್ತಿರ ಹೋದರು. ಚಾಚಾ ನನ್ನ ಬೆನ್ನು ತಟ್ಟಿದರು. "ಶಾಬಾಶ್ ಬಚ್ಚಾ. ಹೇಳಿಬಿಟ್ಟೆ."

ಆಗಲಾದರೂ — ಇಲ್ಲ. ಪೈಪು ಎತ್ತಿಕೊಂಡು ಬೇರೆ ಕಾರ್ಪೆಟ್ಟಿಗೆ ನೀರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಬಾಸ್ ಹೊರಗೆ ಬಂದ. "ಅಂಕಲ್, ಟುಮಾರೋ ನೋ ನೀಡ್ ಕಮ್ ಲಾ" ಎಂದ. ಚಾಚಾ ಯಾಕೆಂದು ಕೇಳಲಿಲ್ಲ. ದೊಡ್ಡವನು ಇದ್ದೂ ನೋಡಿಕೊಳ್ಳಲಿಲ್ಲ ಎಂದು ತೆಗೆದಿರಬೇಕು, ಹಾಗೆಂದುಕೊಂಡರು. "ನಿನ್ನನ್ನು ಬಿಟ್ಟರಲ್ಲ, ಒಳ್ಳೆಯದಾಯಿತು" ಎಂದು ನನಗೇ ಸಮಾಧಾನ ಹೇಳಿದರು.

ಗೇಟಿನ ತನಕ ಜೊತೆಗೆ ಹೋದೆ. ಅಲ್ಲಿ ನಿಂತು ನಾಲ್ಕನೆಯ ಚಿತ್ರ ಹೇಳಿದರು. ಊರೂರು ತಿರುಗಿಬಿದ್ದಾಗ ಬಾದಶಾಹ ಪಟ್ಟವನ್ನು ಅಣ್ಣನಿಗೆ ಕೊಟ್ಟು ಹಿಮದಲ್ಲಿ ಕಾರು ಹತ್ತಿ ಹೋದ. ಒಮ್ಮೆ ದಂಡು ಕೂಡಿಸಿ ತಿರುಗಿ ಬರಲು ನೋಡಿದ, ಆಗಲಿಲ್ಲ. ಆಮೇಲೆ ಮೂವತ್ತು ವರ್ಷ ಪರದೇಶದಲ್ಲೇ ಇದ್ದ. ಊರಿಗೆ ವಾಪಸ್ ಬಂದದ್ದು ಹೆಣವಾಗಿ.

"ಒಮ್ಮೆ ಹೊರಗೆ ಬಿದ್ದವನಿಗೆ ಬಾಗಿಲು ಬೇಗ ತೆರೆಯುವುದಿಲ್ಲ, ಬಚ್ಚಾ. ಅವನು ದೊರೆ, ಅವನಿಗೇ ತೆರೆಯಲಿಲ್ಲ" ಎಂದು ಹೇಳಿ ಎಲ್‌ಆರ್‌ಟಿ ರೈಲು ಸ್ಟೇಷನ್ ಕಡೆ ನಡೆದರು. ಕೂಗಿ ನಿಲ್ಲಿಸಬಹುದಿತ್ತು.

ಒಂದು ತಿಂಗಳಾದ ಮೇಲೆ ಬಾಸ್‌ಗೆ ನಿಜ ಹೇಳಿದೆ. "ಫಿನಿಶ್ ಆಲ್ರೆಡಿ ಲಾ. ಗೋ ವರ್ಕ್" ಎಂದ. ಹೋಗಿ ಕೆಲಸ ಮಾಡಿದೆ. ಬಾಂಗ್ಸಾರಿನ ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ಚಾಚಾ ಎಲ್ಲಿದ್ದಾರೆಂದು ಹುಡುಕಲಿಲ್ಲ.

ಮತ್ತೆ ಎರಡು ತಿಂಗಳಿಗೆ ಒಂದು ಮಧ್ಯಾಹ್ನ ಫೋನ್ ಬಂತು. ನಾನು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಹೆಣ್ಣುಮಗಳ ದನಿ, ಉರ್ದು. ಚಾಚಾರ ಮಗಳು ಝರ್ಮೀನಾ.

ಚಾಚಾ ಕಟ್ಟಡದ ಕೆಲಸಕ್ಕೆ ಸೇರಿದ್ದರಂತೆ. ಅಲ್ಲಿ ರೇಡ್ ಆಗಿ ಪರ್ಮಿಟ್ ಇಲ್ಲದವರನ್ನೆಲ್ಲ ಲಾರಿಗೆ ಹತ್ತಿಸಿದರಂತೆ. ಕಾರ್ಡು ತೋರಿಸಿದರೂ ಬಿಡಲಿಲ್ಲ. ಯಾವ ಕ್ಯಾಂಪಿನಲ್ಲಿದ್ದಾರೋ, ವಾಪಸ್ ಕಳಿಸಿಬಿಟ್ಟರೋ, ಅವಳಿಗೆ ಗೊತ್ತಿಲ್ಲ.

"ಅಬ್ಬಾ ನಿಮ್ಮ ನಂಬರ್ ಬರೆಸಿದ್ದರು" ಎಂದಳು. "ನಿಜ ಹೇಳುವ ಹುಡುಗ, ಏನಾದರೂ ಆದರೆ ಅವನನ್ನು ಕೇಳು ಅಂದಿದ್ದರು. ನೀವು ಹೇಳಿ ಭಾಯೀ, ಆ ಒಳ್ಳೆಯ ಕೆಲಸದಿಂದ ಅಬ್ಬಾನನ್ನು ಯಾಕೆ ತೆಗೆದರು?"

"ಗೊತ್ತಿಲ್ಲ" ಎಂದೆ.

ಆಮೇಲೆ ಅವಳು ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಎತ್ತುವ ಧೈರ್ಯ ಬಂದಾಗ ಆ ನಂಬರೇ ಇರಲಿಲ್ಲ. ಚಾಚಾ ಬದುಕಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದು ಮಾತ್ರ ಸುಳ್ಳಲ್ಲ.

ಹೇಳುವುದು ಇಷ್ಟೇ. ಇನ್ನೇನೂ ಇಲ್ಲ.