ಪೊಟ್ಯಾಸಿಯಂ ರಾಮಕ್ಕನೂ ಮಗಳ ಪರೀಕ್ಷೆಯೂ

ರಸಾಯನಶಾಸ್ತ್ರ ಎಂದರೆ ನನಗೆ ಇವತ್ತಿಗೂ ನೆನಪಾಗುವುದು ಒಂದು ವಾಸನೆ. ನಾನು ಹೈಸ್ಕೂಲಿನಲ್ಲಿದ್ದಾಗ ಪ್ರಯೋಗಾಲಯದಿಂದ ಕೊಳೆತ ಮೊಟ್ಟೆಯ ವಾಸನೆಯೊಂದು ಹೊರಟು ವರಾಂಡವನ್ನೆಲ್ಲ ಆಕ್ರಮಿಸುತ್ತಿತ್ತು. ಅದು ಯಾವ ಅನಿಲ, ಯಾವುದಕ್ಕೆ ಯಾವುದು ಸೇರಿ ಹುಟ್ಟಿತು ಎಂದೆಲ್ಲ ದಯವಿಟ್ಟು ಕೇಳಬೇಡಿ. ಪಾಸಾದೆ, ಅಷ್ಟೇ. ಹೇಗೆ ಪಾಸಾದೆ ಎಂಬುದು ನನಗೂ ಗೊತ್ತಿಲ್ಲ, ನನ್ನ ಉತ್ತರಪತ್ರಿಕೆ ತಿದ್ದಿದ ಪುಣ್ಯಾತ್ಮರಿಗೂ ಗೊತ್ತಿರಲಾರದು. ಆಮೇಲೆ ಕನ್ನಡ ಮೇಷ್ಟ್ರಾದೆ. ಸುಗಟೂರಿನಿಂದ ಕೋಲಾರಕ್ಕೊಂದು ಬಸ್ಸು, ಅಲ್ಲಿಂದ ಟೇಕಲ್ಲಿಗೆ ಇನ್ನೊಂದು ಬಸ್ಸು ಹಿಡಿದು ಹೋಗಿ ಮಕ್ಕಳಿಗೆ ಸಂಧಿ ಸಮಾಸ ಹೇಳಿ ಬರುವುದು ನನ್ನ ಉದ್ಯೋಗ. ಸಂಧಿಯಲ್ಲಿ ಎರಡು ಪದ ಕೂಡಿದರೆ ಹೆಚ್ಚೆಂದರೆ ಒಂದು ಅಕ್ಷರ ಲೋಪವಾಗುತ್ತದೆ, ಹೊಗೆ ಬರುವುದಿಲ್ಲ. ಹಾಗಾಗಿ ಸುಖವಾಗಿದ್ದೆ.

ಆ ಸುಖಕ್ಕೆ ಕಲ್ಲು ಬಿದ್ದದ್ದು ನನ್ನ ಮಗಳು ಚೈತ್ರಾ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಫೇಲಾದಾಗ. ಕನ್ನಡ, ಗಣಿತ, ಸಮಾಜ ಎಲ್ಲ ಆಗಿತ್ತು. ವಿಜ್ಞಾನದಲ್ಲೂ ಬೆಳಕು, ವಿದ್ಯುತ್ತು, ಹೃದಯ, ಮೂತ್ರಪಿಂಡ ಇವು ಯಾವುವೂ ಅವಳಿಗೆ ತೊಂದರೆ ಕೊಟ್ಟಿರಲಿಲ್ಲ. ಮುಳುಗಿಸಿದ್ದು ರಸಾಯನಶಾಸ್ತ್ರದ ಭಾಗ. ಈಗಿನ ಕಾಲದಲ್ಲಿ ಅದೇ ವರ್ಷ ಮತ್ತೆ ಮತ್ತೆ ಬರೆಯಲು ಸರ್ಕಾರ ಅವಕಾಶ ಕೊಡುತ್ತದೆ. ಸರ್ಕಾರ ಕೊಟ್ಟರೂ ಮಗಳು ಕೊಡಲಿಲ್ಲ. "ಎರಡ್ನೇ ಪರೀಕ್ಷೆ ಒಂದು ಬರೀತೀನಿ ಅಪ್ಪಾ. ಅದೂ ಆಗ್ಲಿಲ್ಲ ಅಂದ್ರೆ ಮುಗೀತು, ಓದಲ್ಲ. ಅಮ್ಮನ ಜೊತೆ ರೇಷ್ಮೆ ಹುಳ ಮೇಯಿಸ್ಕೊಂಡು ಇದ್ಬಿಡ್ತೀನಿ" ಎಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡುತ್ತೇನೆಂದು ಆರನೇ ತರಗತಿಯಿಂದ ಹೇಳುತ್ತಿದ್ದ ಹುಡುಗಿ ಅದು. ನಾನು ಹೆದರಿದೆ. ಏಕೆಂದರೆ ಅವಳು ಹೇಳಿದ್ದನ್ನು ಮಾಡುವವಳು, ತಾಯಿಯ ಕಡೆಯ ರಕ್ತ.

ತಾಯಿ ಸುಜಾತಳಿಗೆ ಬೇರೆಯದೇ ಕಾರಣಕ್ಕೆ ಕೋಪ ಬಂತು. ಮನೆ ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ಹುಳ ಸಾಕುವವಳು ಅವಳು. ನಾನು ಅಲ್ಲಿ ಸೊಪ್ಪು ಹೊರುವ ಆಳು ಮಾತ್ರ, ಅದೂ ಭಾನುವಾರದ ಆಳು. "ಏನೇ, ಹುಳ ಸಾಕೋದು ಅಂದ್ರೆ ಫೇಲಾದೋರ ಕೆಲ್ಸ ಅನ್ಕೊಂಡಿದೀಯಾ? ಇಲ್ಲಿ ಫೇಲಾದ್ರೆ ಎರಡ್ನೇ ಪರೀಕ್ಷೆ ಇಲ್ಲ ಕಣೇ, ಹೋಗಿ ಓದ್ಕೋ" ಎಂದು ಬೈದಳು. ಆ ಬೈಗುಳದಲ್ಲಿ ಇದ್ದಷ್ಟು ಪ್ರೋತ್ಸಾಹ ನನ್ನ ಒಂದು ಗಂಟೆಯ ಉಪದೇಶದಲ್ಲಿ ಇರಲಿಲ್ಲ.

ಉಪದೇಶದಿಂದ ಆಗದಿದ್ದಾಗ ನಾನು ಛಂದಸ್ಸಿಗೆ ಕೈ ಹಾಕಿದೆ. ಲೋಹಗಳನ್ನು ಅವುಗಳ ಚುರುಕಿನ ಪ್ರಕಾರ ಸಾಲಾಗಿ ನಿಲ್ಲಿಸಿದ ಪಟ್ಟಿಯೊಂದು ಅವರ ಪಾಠದಲ್ಲಿದೆ. ಪೊಟ್ಯಾಸಿಯಂ ಎಲ್ಲರಿಗಿಂತ ಮೇಲೆ, ಚಿನ್ನ ಎಲ್ಲರಿಗಿಂತ ಕೆಳಗೆ. ಮೇಲಿನದು ಕೆಳಗಿನದನ್ನು ಅದರ ಜಾಗದಿಂದ ಎಬ್ಬಿಸಿ ಓಡಿಸಬಲ್ಲದು, ಅದಕ್ಕೆ ಸ್ಥಾನಪಲ್ಲಟ ಕ್ರಿಯೆ ಎಂದು ಹೆಸರು. ಈ ಸಾಲನ್ನು ಚೈತ್ರಾ ಎಷ್ಟು ಸಲ ಬಾಯಿಪಾಠ ಮಾಡಿದರೂ ಮಧ್ಯದಲ್ಲಿ ಸತುವೋ ಸೀಸವೋ ತಪ್ಪಿಸಿಕೊಳ್ಳುತ್ತಿತ್ತು. ನಾನು ಒಂದು ಇಡೀ ಭಾನುವಾರ ಕೂತು ಆ ಲೋಹಗಳನ್ನೆಲ್ಲ ಭಾಮಿನೀ ಷಟ್ಪದಿಯಲ್ಲಿ ಕಟ್ಟಿ ಕೂರಿಸಿದೆ. ಆದಿಪ್ರಾಸವೂ ಬಂದಿತ್ತು! ರಾಗವಾಗಿ ಹಾಡಿ ತೋರಿಸಿದೆ. ಮಗಳು ಭಕ್ತಿಯಿಂದ ಕೇಳಿದಳು. ಮಾರನೆಯ ದಿನ ಕೇಳಿದರೆ ಲೋಹಗಳು ಮರೆತುಹೋಗಿದ್ದವು. ಪದ್ಯಕ್ಕೆ ಪ್ರಸ್ತಾರ ಹಾಕು ಎಂದರೆ ಮಾತ್ರ ಗುರು ಲಘು ಒಂದೂ ತಪ್ಪದೆ ಹಾಕಿದಳು. ಕನ್ನಡದಲ್ಲಿ ಆಗಲೇ ಪಾಸಾಗಿದ್ದಾಳಲ್ಲ, ಇದರಿಂದ ಏನು ಬಂತು ಎಂದು ಸುಜಾತ ಒಳಗಿನಿಂದ ಕೇಳಿದಳು.

ದಾರಿ ತೋರಿಸಿದ್ದು ನಮ್ಮೂರ ಬೆಳಗಿನ ಬಸ್ಸು. ಚೈತ್ರಾ ಕೋಲಾರಕ್ಕೆ ಟ್ಯೂಷನ್ನಿಗೆ ಹೋಗುತ್ತಿದ್ದಳು. ಅದೇ ಬಸ್ಸಿಗೆ ನಮ್ಮ ಬೀದಿಯ ರಾಮಕ್ಕ ತರಕಾರಿ ಚೀಲದೊಡನೆ ಹತ್ತುತ್ತಿದ್ದರು. ರಾಮಕ್ಕನ ತವರು ನಂಗಲಿ ಕಡೆ, ಮಾತು ಅರ್ಧ ತೆಲುಗು, ದನಿ ಪೂರ್ತಿ ಮೈಕು. ಆಕೆ ಬಸ್ಸು ಹತ್ತಿ ಒಂದು ಸೀಟಿನ ಮುಂದೆ ನಿಂತರೆ ಸಾಕು, ಅಲ್ಲಿ ಕೂತವರು ಯಾರೇ ಆಗಲಿ ತಾವಾಗಿಯೇ ಎದ್ದು ನಿಲ್ಲುತ್ತಾರೆ. ಒಂದು ಬೆಳಗ್ಗೆ ಇದನ್ನು ನೋಡುತ್ತಾ ನಿಂತಿದ್ದ ನನ್ನ ಮಗಳಿಗೆ ಸ್ಥಾನಪಲ್ಲಟ ಕ್ರಿಯೆ ಕಣ್ಣಮುಂದೆಯೇ ನಡೆಯಿತು. ಅವತ್ತು ಸಂಜೆಯ ಹೊತ್ತಿಗೆ ರಾಮಕ್ಕ ಪೊಟ್ಯಾಸಿಯಂ ಆಗಿದ್ದರು. ಆ ವಾರ ಮುಗಿಯುವುದರೊಳಗೆ ನಮ್ಮ ಬೀದಿಯೆಲ್ಲ ಲೋಹಮಯವಾಯಿತು. ಟೊಮೆಟೊ ಬೆಳೆಯುವ ವೆಂಕಟೇಶಪ್ಪ ಕಬ್ಬಿಣ. ಯಾರು ಏನಂದರೂ ಹೂಂ ಎಂದೂ ಅನ್ನದೆ ಜಗುಲಿಯ ಮೇಲೆ ಕೂತಿರುವ ಪಿಳ್ಳಪ್ಪ ಚಿನ್ನ. ನಾನು ಆಸೆಯಿಂದ ನನ್ನ ಜಾಗ ಕೇಳಿದೆ. "ನೀವು ಹೈಡ್ರೋಜನ್ ಅಪ್ಪಾ. ಲೋಹ ಅಲ್ಲ, ಆದ್ರೂ ಸಾಲಲ್ಲಿ ಇಟ್ಟಿರ್ತಾರೆ" ಎಂದಳು. ಮನೆಯಲ್ಲಿ ನನ್ನ ಸ್ಥಾನವನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ಇಂಥ ವಿಷಯ ಗುಟ್ಟಾಗಿ ಉಳಿಯುತ್ತದೆಯೇ? ಸುಜಾತ ಹಾಲಿನ ಡೈರಿಯಲ್ಲಿ ಬಾಯಿಬಿಟ್ಟಳು. ಮಾರನೆಯ ಬೆಳಗ್ಗೆ ರಾಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದರು. "ಏಮಪ್ಪಾ ಮೇಷ್ಟ್ರೇ, ನಿನ್ ಮಗ್ಳು ನನ್ನ ಏನೋ ಪೊಟಾಸು ಅಂತಿದಾಳಂತೆ?" ನಾನು, ಅದು ಎಲ್ಲಕ್ಕಿಂತ ಮೇಲಿರುವ ಲೋಹ, ಅದನ್ನು ಕಂಡರೆ ಮಿಕ್ಕವೆಲ್ಲ ಜಾಗ ಬಿಡಬೇಕು ಎಂದೆ. ರಾಮಕ್ಕ ಒಂದು ಕ್ಷಣ ಯೋಚಿಸಿದರು. "ಸರ್ಲೇ, ಹಂಗಾದ್ರೆ ಇರ್ಲಿ" ಎಂದು ಹೋದರು. ವೆಂಕಟೇಶಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ. "ನಾನೇನ್ ತುಕ್ಕು ಹಿಡಿದೋನಾ ಸಾ? ಆ ಪಿಳ್ಳಪ್ಪ ಕೂತಲ್ಲಿಂದ ಏಳಲ್ಲ, ಅವ್ನು ಚಿನ್ನ!" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಏಳದೇ ಇರುವುದಕ್ಕೇ ಚಿನ್ನ ಎಂದು ಹೇಳಿದರೂ ಅವನು ಒಪ್ಪಲಿಲ್ಲ.

ಹೀಗೆ ಎಲ್ಲ ಒಂದು ಹದಕ್ಕೆ ಬರುತ್ತಿರುವಾಗ ಹುಳಗಳು ಕೈಕೊಟ್ಟವು. ರೇಷ್ಮೆ ಹುಳ ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಹೊಟ್ಟೆ ತುಂಬ ಸೊಪ್ಪು ತಿಂದು, ಕಡೆಗೊಂದು ದಿನ ತಿನ್ನುವುದು ಬಿಟ್ಟು ತಲೆ ಎತ್ತಿ ಆಡಿಸತೊಡಗುತ್ತದೆ. ಮೈ ಹಳದಿಯಾಗಿ ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತದೆ. ಹುಳ ಹಣ್ಣಾಯಿತು ಎನ್ನುತ್ತಾರೆ. ಆಗ ಅವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಡಬೇಕು. ತಡವಾದರೆ ಕಂಡಕಂಡಲ್ಲಿ ನೂಲು ಉಗುಳಿ ಹಾಳಾಗುತ್ತವೆ, ತಿಂಗಳ ಶ್ರಮ ನೀರುಪಾಲು. ಪರೀಕ್ಷೆ ಮುಗಿದ ಮೇಲೆಯೇ ಹಣ್ಣಾಗಬೇಕೆಂದು ಸುಜಾತ ಲೆಕ್ಕ ಹಾಕಿ ಮರಿ ತಂದಿದ್ದಳು. ಬಿಸಿಲು ಜಾಸ್ತಿಯಾಗಿ ಹುಳಗಳು ಅವಸರ ಮಾಡಿದವು. ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ತಟ್ಟೆಗಳ ತುಂಬ ತಲೆಯಾಡಿಸುವ ಹುಳಗಳು!

ಚೈತ್ರಾ ಪುಸ್ತಕ ಮಡಚಿಟ್ಟು ಬಂದೇಬಿಟ್ಟಳು. "ಹೋಗಿ ಓದ್ಕೋಮ್ಮ" ಎಂದು ನಾನು ಅಂಗಲಾಚಿದೆ. "ಹುಳ ಹಾಳಾದ್ರೆ ಅಮ್ಮ ಏನ್ಮಾಡ್ತಾಳೆ? ಓದಿದ್ರೂ ನಂಗೇನ್ ಪಾಸಾಗತ್ತಾ?" ಎಂದಳು. ಆಗ ನನಗೆ ಅರ್ಥವಾಯಿತು. ಅವಳಿಗೆ ಹುಳಗಳ ಚಿಂತೆ ಇದ್ದದ್ದು ನಿಜ, ಜೊತೆಗೆ ಓದದಿರಲು ಒಂದು ಗೌರವದ ಕಾರಣವೂ ಬೇಕಾಗಿತ್ತು. ನಾಳೆ ಫೇಲಾದರೆ ಹುಳಗಳ ಮೇಲೆ ಹಾಕಿ, ಪುಸ್ತಕಗಳನ್ನು ಅಟ್ಟಕ್ಕೆಸೆದು, ಜೀವನಪೂರ್ತಿ ಹಾಗೇ ನಂಬಿಕೊಂಡು ಇದ್ದುಬಿಡುತ್ತಾಳೆ. ಅಪ್ಪನಾಗಿ ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ನಮ್ಮ ಕಡೆ ಇಂಥ ಹೊತ್ತಿಗೆ ಮುಯ್ಯಾಳು ಎಂದು ಬರುತ್ತಾರೆ. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು, ಕೂಲಿಯ ಮಾತಿಲ್ಲ. ಆದರೆ ಅದು ಮೊದಲೇ ಹೇಳಿ ಇಟ್ಟುಕೊಳ್ಳುವ ವ್ಯವಸ್ಥೆ. ನಾವು ಹೇಳಿದ್ದು ಬೇರೆ ದಿನಕ್ಕೆ. ಅವತ್ತು ರಾಮಕ್ಕನ ತೋಟದಲ್ಲೇ ಟೊಮೆಟೊ ಬಿಡಿಸುವುದಿತ್ತು. ಸುಜಾತ ಬೀದಿಗೆ ಹೋಗಿ ವಿಷಯ ಹೇಳಿ ಬಂದ ಸ್ವಲ್ಪ ಹೊತ್ತಿಗೆ ರಾಮಕ್ಕ ಕ್ರೇಟುಗಳನ್ನು ತೋಟದಲ್ಲೇ ಬಿಟ್ಟು, ತಮ್ಮ ಆಳುಗಳನ್ನೂ ಕರೆದುಕೊಂಡು ಬಂದರು. ಹಿಂದೆ ಬೀಡಿ ಎಸೆದು, ಹುಳಕ್ಕೆ ರೋಗ ತಾಗದಂತೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈಕಾಲು ತೊಳೆದುಕೊಂಡು ವೆಂಕಟೇಶಪ್ಪ ಬಂದ. ಅವನ ಹಿಂದೆ, ನಂಬಿದರೆ ನಂಬಿ, ಜಗುಲಿಯಿಂದ ಎದ್ದು ಪಿಳ್ಳಪ್ಪನೂ ಬಂದ.

ರಾಮಕ್ಕ ಒಳಗೆ ಬಂದವರೇ ಚೈತ್ರಾಳ ಕೈಯಿಂದ ತಟ್ಟೆ ಕಿತ್ತುಕೊಂಡರು. "ಏಮೇ ಪಿಲ್ಲಾ, ಒಂದು ಹುಳ ಮುಟ್ಟಿದ್ರೆ ಕೈ ಮುರಿದಾಕ್ತೀನಿ. ಹೋಗ್, ಬುಕ್ ತಗೊಂಡು ಆ ಹೊಸಿಲ ಮೇಲೆ ಕೂತ್ಕೋ. ನಾವ್ ಕೇಳ್ತೀವಿ, ನೀನ್ ಹೇಳ್ತಿರು" ಎಂದರು. ಏನು ಕೇಳಬೇಕೆಂದು ಆಕೆಗೇನೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರಿಗೂ ತಂತಮ್ಮ ವಿಷಯವೇ. "ನಾನ್ ನೀರಿಗೆ ಬಿದ್ರೆ ಏನಾಗ್ತದೆ?" ಎಂದು ರಾಮಕ್ಕ ಕೇಳಿದರು. "ಹತ್ತಿಕೊಂಡು ಉರಿದುಬಿಡ್ತೀಯ ರಾಮಕ್ಕ, ಅದಕ್ಕೇ ನಿನ್ನ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡ್ತಾರೆ" ಎಂದಳು ಚೈತ್ರಾ. ಶೆಡ್ಡೆಲ್ಲ ನಗು. ಹುಳ ಆರಿಸುತ್ತಾ ಆರಿಸುತ್ತಾ ಪ್ರಶ್ನೆಗಳು ಬಂದವು, ಉತ್ತರಗಳೂ ಬಂದವು. ಸತು, ಸೀಸ ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಅವೆಲ್ಲ ಅಲ್ಲೇ ಚಂದ್ರಿಕೆ ಹಿಡಿದು ನಿಂತಿದ್ದವು.

ಆಮೇಲೆ ವೆಂಕಟೇಶಪ್ಪನ ಸರದಿ. ಕಬ್ಬಿಣ ಯಾರನ್ನಾದರೂ ಎಬ್ಬಿಸುತ್ತದೋ, ಬರೀ ತುಕ್ಕು ಹಿಡಿಯುವುದೋ ಎಂದ. ಚೈತ್ರಾ ಅವನಿಗೆ ಮೈಲುತುತ್ತದ ನೀರಿನ ಪ್ರಯೋಗ ಹೇಳಿದಳು. ಅದರೊಳಗೆ ಕಬ್ಬಿಣದ ಮೊಳೆ ಬಿಟ್ಟರೆ ನೀಲಿ ನೀರು ನಿಧಾನವಾಗಿ ಹಸಿರಾಗುತ್ತದೆ, ಒಳಗಿದ್ದ ತಾಮ್ರ ಹೊರಗೆ ಬೀಳುತ್ತದೆ.

"ಪಾಪ, ಹೊರಗ್ ಬಿದ್ದ ತಾಮ್ರ ಎಲ್ಲಿಗೋಗ್ತದೆ?"

"ನಿನ್ ಮೈಮೇಲೇ ಕೂತ್ಕೊಳ್ತದೆ ಮಾವ. ಕೆಂಪಗೆ ಕಾಣ್ತದೆ."

ವೆಂಕಟೇಶಪ್ಪನ ಕೈ ನಿಂತುಹೋಯಿತು. ತೋಟದಲ್ಲಿ ರೋಗಕ್ಕೆ ಹೊಡೆಯಲು ಮೈಲುತುತ್ತಕ್ಕೆ ಸುಣ್ಣ ಬೆರೆಸುತ್ತಾರೆ. ಹದ ಬಂತೋ ಇಲ್ಲವೋ ತಿಳಿಯಲು ಅದರಲ್ಲಿ ಕುಡುಗೋಲು ಅದ್ದಿ ನೋಡುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. "ಅಬ್ಬೋ! ಆ ಕೆಂಪು ಇದೇ ತಾಮ್ರನಾ?" ಎಂದು ಕೇಳಿದ. ಚೈತ್ರಾ ಪುಸ್ತಕ ಕೆಳಗಿಟ್ಟು ಎದ್ದು ಬಂದಳು. ಸುಣ್ಣ ಸಾಲದಿದ್ದರೆ ತುತ್ತ ನೀರಲ್ಲಿ ಹಾಗೇ ಉಳಿಯುತ್ತದೆ, ಕುಡುಗೋಲಿನ ಕಬ್ಬಿಣ ಅದರ ತಾಮ್ರವನ್ನು ಎಬ್ಬಿಸುತ್ತದೆ, ಸುಣ್ಣ ಸಾಕಾದರೆ ಎಬ್ಬಿಸಲು ಏನೂ ಉಳಿದಿರುವುದಿಲ್ಲ ಎಂದು ಕೈ ಆಡಿಸಿ ಆಡಿಸಿ ಹೇಳಿದಳು. ಪುಸ್ತಕದಲ್ಲಿ ಕುಡುಗೋಲಿಲ್ಲ. ಅದನ್ನು ಅವಳು ತಾನೇ ಯೋಚಿಸಿ ಹೇಳುತ್ತಿದ್ದಳು. ವೆಂಕಟೇಶಪ್ಪ ಎಲ್ಲರ ಕಡೆ ತಿರುಗಿ, "ಇಷ್ಟ್ ವರ್ಷ ಅದ್ದಿದೀನಿ, ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡ್ರಪ್ಪಾ. ಒಳ್ಳೆ ಹೇಳ್ಕೊಟ್ಟೆ ಕಣವ್ವ" ಎಂದ.

ಆಗ ನನ್ನ ಮಗಳ ಮುಖ ನೀವು ನೋಡಬೇಕಿತ್ತು. ರಸಾಯನಶಾಸ್ತ್ರದಲ್ಲಿ ಅವಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಪುಸ್ತಕ ಎತ್ತಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೂ ಬೇಗ ಬರಲಿಲ್ಲ. ಸಂಜೆಗೆ ಕೊನೆಯ ಹುಳವೂ ಚಂದ್ರಿಕೆ ಸೇರಿತು. ನಾನು ಬೇಲಿಯ ಹತ್ತಿರ ಹೋಗಿ ಕಣ್ಣೊರೆಸಿಕೊಂಡೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಚೈತ್ರಾ ಪಾಸಾದಳು. ಮೊಬೈಲಿನಲ್ಲಿ ಫಲಿತಾಂಶ ನೋಡಿ ಅವಳು ಆಡಿದ ಮೊದಲ ಮಾತು, "ಪಿಯುಸಿಗೆ ಸೈನ್ಸೇ ತಗೋತೀನಿ." ಸುಜಾತ ಸೆರಗಿನಿಂದ ಮುಖ ಒರೆಸಿಕೊಂಡು, ಸೆಕೆ ಜಾಸ್ತಿ ಎಂದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದಾರಿಯುದ್ದಕ್ಕೂ ಒಂದು ಒಳ್ಳೆಯ ವಾಕ್ಯ ಜೋಡಿಸಿಕೊಂಡು, ರಾಮಕ್ಕನ ತೋಟಕ್ಕೆ ಹೋದೆ. ಆಕೆ ಟೊಮೆಟೊ ಬಿಡಿಸುತ್ತಿದ್ದರು. ನಾನು ಕೈ ಮುಗಿದು, "ನಮ್ಮ ಕುಟುಂಬದ ಪರವಾಗಿ ತಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು" ಎಂದೆ.

ರಾಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖದಲ್ಲಿ ನಿಜವಾದ ಗಾಬರಿ.

"ಏಂ ಮೇಷ್ಟ್ರೇ, ಟ್ರಾನ್ಸ್‌ಫರ್ ಆಯ್ತಾ?"

ಇಲ್ಲ ಎಂದೆ. "ಮತ್ತೆ ಊರು ಬಿಟ್ಟೋಗೋರ ಥರ ಭಾಷಣ ಮಾಡ್ತೀರಲ್ಲ, ಎದೆ ಒಡೆದೋಯ್ತು" ಎಂದರು. ಯೋಚಿಸಿದರೆ ಆಕೆ ಹೇಳಿದ್ದು ಸರಿ. ನಮ್ಮ ಬೀದಿಯಲ್ಲಿ ಧನ್ಯವಾದ ಎಂಬ ಪದ ಕೇಳಿಸುವುದು ಬೀಳ್ಕೊಡುಗೆಯ ಸಭೆಯಲ್ಲಿ ಮಾತ್ರ, ಹಾರ ಹಾಕಿ ಇನ್ನು ನಮಗೂ ನಿಮಗೂ ಮುಗಿಯಿತು ಎನ್ನುವಾಗ. ಮುಗಿಯಬಾರದ ಕಡೆ ಅದನ್ನು ಬಳಸುವುದಿಲ್ಲ. ಇದೇ ಬೀದಿಯಲ್ಲಿ ಇಷ್ಟು ವರ್ಷ ಇದ್ದೂ ಕನ್ನಡ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ. ಪಕ್ಕದ ಸಾಲಿನಿಂದ ಕಿಸಕ್ಕೆಂದು ನಗು ಕೇಳಿಸಿತು. ನೋಡಿದರೆ ಚೈತ್ರಾ. ನನಗಿಂತ ಮುಂಚೆಯೇ ಬಂದು ಅರ್ಧ ಕ್ರೇಟು ತುಂಬಿಸಿದ್ದಳು.

ನಾನು ಅಂಗಿ ತೋಳು ಮಡಚಿ ಬಗ್ಗಿದೆ. ಸೊಂಟ ಹಿಡಿಯುವವರೆಗೆ ಬಿಡಿಸಿದೆ. ಹೊರಡುವಾಗ ರಾಮಕ್ಕ, "ನಾಡಿದ್ದು ಇನ್ನೊಂದು ಕೊಯ್ಲಿದೆ ಮೇಷ್ಟ್ರೇ" ಎಂದರು.

"ಬರ್ತೀನಿ ರಾಮಕ್ಕ" ಎಂದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ಆಕೆಗೆ ಸಂತೋಷ ಕೊಟ್ಟದ್ದು ಅದೊಂದೇ.