ಕಟ್ಟಿಗೆಯ ನಿಂಬೆಹಣ್ಣು

ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣುಗಳನ್ನು ಜನ ಆಸೆಪಟ್ಟು ಕೊಂಡು ಮನೆಯಲ್ಲಿ ಇಡುತ್ತಾರೆ. ನನ್ನ ಮನೆಯೊಳಗೆ ಮಾತ್ರ ಅವು ಬರಕೂಡದು. ಮೊಮ್ಮಗಳು ಒಮ್ಮೆ ಒಂದು ಬುಟ್ಟಿ ತಂದಾಗ ಸಿಡುಕಿ ವಾಪಸು ಕಳಿಸಿದೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಮನೆಯವರೆಲ್ಲ ಅಂದುಕೊಂಡರು. ಅಂದುಕೊಳ್ಳಲಿ.

ನಾನು ಹುಕ್ಕೇರಿ ಕಡೆಯವನು. ಇಂಗ್ಲಿಷ್ ಕಲಿಯಲೆಂದು ಗೋಕಾಕದ ಸೋದರಮಾವನ ಮನೆಯಲ್ಲಿದ್ದೆ. ಆಗ ಸಾಹೇಬರ ಆಳ್ವಿಕೆ. ನಾಲ್ಕು ಮಾತು ಇಂಗ್ಲಿಷ್ ಬಂದರೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ ಎಂದು ಮಾವ ದಿನಾ ಹೇಳುತ್ತಿದ್ದ. ಒಂದು ಹಳೆಯ ವಾಡೆಯಲ್ಲಿ ನಮ್ಮ ಸಾಲೆ ನಡೆಯುತ್ತಿತ್ತು. ಇಂಗ್ಲಿಷ್ ಮಾಸ್ತರರು ಕೆಟ್ಟವರೇನಲ್ಲ. ನಮ್ಮ ಬಾಯಿಂದ ಇಂಗ್ಲಿಷ್ ಹೊರಡಿಸಲೇಬೇಕೆಂಬ ಹಟ ಅವರದು. ಅದಕ್ಕೆ ಅವರು ಕಂಡುಕೊಂಡ ಉಪಾಯವೇ ಹಳದಿ ಬಣ್ಣದ ಒಂದು ಕಟ್ಟಿಗೆಯ ನಿಂಬೆಹಣ್ಣು.

ಅವರ ತಾಸಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಮೇಜಿನ ಮೇಲಿನ ಆ ಹಣ್ಣು ಅವನ ಕೈಗೆ. ಅವನು ಕಿವಿ ತೆರೆದುಕೊಂಡು ಕೂತು, ಮತ್ತೊಬ್ಬನ ಬಾಯಿಂದ ಕನ್ನಡ ಬಿದ್ದ ಕೂಡಲೇ ದಾಟಿಸಬೇಕು. ಗಂಟೆ ಹೊಡೆದಾಗ ಯಾರ ಕೈಯಲ್ಲಿ ಇರುತ್ತದೋ ಅವನಿಗೆ ಆರು ಛಡಿ ಏಟು. ನಾವು ಇಂಗ್ಲಿಷ್ ಏನೂ ಕಲಿಯಲಿಲ್ಲ, ಬಾಯಿ ಮುಚ್ಚಿಕೊಂಡು ಕೂಡುವುದನ್ನು ಕಲಿತೆವು.

ನನ್ನ ಬಾಜೂ ಕೂಡುತ್ತಿದ್ದವನು ಮೇಲವಂಕಿಯ ಒಕ್ಕಲಿಗರ ಮನೆಯ ಹುಡುಗ, ನನ್ನ ಜೀವದ ಗೆಳೆಯ. ಅವನ ಬುತ್ತಿಯ ಅರ್ಧ ರೊಟ್ಟಿ ದಿನಾ ನನ್ನ ಹೊಟ್ಟೆಗೇ ಹೋಗುತ್ತಿತ್ತು.

ಆ ದಿನ ಹಣ್ಣು ನನ್ನ ಹತ್ತಿರ ಇತ್ತು. ಹಿಂದಿನ ಎರಡು ದಿನವೂ ಏಟು ನನಗೇ ಬಿದ್ದಿದ್ದವು. ಅಂಗೈ ಮುಟ್ಟಿದರೆ ಉರಿಯುತ್ತಿತ್ತು. ಗಂಟೆಗೆ ಇನ್ನೂ ಅರ್ಧ ತಾಸು ಇತ್ತು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಗೆಳೆಯ ಪಕ್ಕದ ಗೋಡೆಯ ಗೂಡಿನಲ್ಲಿ ಪುಸ್ತಕಗಳ ಸಂದಿಯಲ್ಲಿಟ್ಟಿದ್ದ ಮಸಿಕುಡಿಕೆ ತೆಗೆದುಕೊಳ್ಳಲು ಎಡಗೈ ಹಾಕಿದ. ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದು ಹೇಳಿದ:

“ಚೇಳ ಕಡೀತಲೇ.”

ನಾನು ಏನು ಮಾಡಿದೆ ಗೊತ್ತೇ? ಅವನ ಬಲಗೈಯಲ್ಲಿ ನಿಂಬೆಹಣ್ಣು ಇಟ್ಟೆ.

ಇಟ್ಟೆ ಮಾತ್ರವಲ್ಲ, ಪಾರಾದೆನಪ್ಪಾ ಎಂದು ಖುಷಿಪಟ್ಟೆ. ಅವನು ನನ್ನನ್ನು ಒಮ್ಮೆ ನೋಡಿದ, ಹಣ್ಣನ್ನು ನೋಡಿದ, ಮುಷ್ಟಿ ಬಿಗಿದುಕೊಂಡು ಸುಮ್ಮನಾದ. ಮತ್ತೆ ಬಾಯಿ ಬಿಟ್ಟರೆ ಇನ್ನೇನು ಸಿಗುತ್ತದೋ ಎಂದು ಹೆದರಿರಬೇಕು. ಚೇಳು ಕಡಿಯಿತು ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ನಮ್ಮ ಪಾಠದಲ್ಲಿ ಎಲ್ಲಿಯೂ ಇರಲಿಲ್ಲ. ಅರ್ಧ ತಾಸು ಅವನು ಹಾಗೇ ಕೂತ. ಅಂಗಿ ತೊಯ್ದು ಬೆನ್ನಿಗೆ ಅಂಟಿದ್ದನ್ನು ನಾನು ನೋಡಿದೆ. ನೋಡಿಯೂ ಪುಸ್ತಕದೊಳಗೆ ಮುಖ ಹಾಕಿದೆ.

ಗಂಟೆ ಹೊಡೆಯಿತು. ಹಣ್ಣು ಯಾರ ಹತ್ತಿರ ಇದೆಯೆಂದು ಮಾಸ್ತರರು ಇಂಗ್ಲಿಷಿನಲ್ಲಿ ಕೇಳಿದರು. ಅವನು ಎದ್ದು ತಡವರಿಸುತ್ತ ಮುಂದೆ ಹೋಗಿ ಬಲಗೈ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಬಿಚ್ಚು ಎಂದು ಗದರುತ್ತ ಮಾಸ್ತರರು ಆ ಕೈ ಹಿಡಿದರು. ಹಿಡಿದವರೇ ಛಡಿ ಕೆಳಗೆ ಬಿಟ್ಟರು. ಕೈ ಹಿಮದಂತೆ ತಣ್ಣಗಿತ್ತಂತೆ; ಆಮೇಲೆ ಅವರೇ ಹೇಳಿದ್ದು.

“ಏನಾತೋ ತಮ್ಮಾ ನಿನಗ?” ಎಂದರು. ಅವರ ಬಾಯಲ್ಲಿ ಕನ್ನಡ ನಾವು ಕೇಳಿದ್ದು ಅದೇ ಮೊದಲು.

ಅವನು ಎಡಗೈ ಬೆರಳು ತೋರಿಸಿದ. ಚೇಳು ಎಂದು ನಾನು ಹಿಂದಿನಿಂದ ಒದರಿದೆ. ಯಾರೋ ಗೂಡಿನ ಪುಸ್ತಕ ಸರಿಸಿದರು. ಕೆಂಪು ಚೇಳು. ಅದು ಕಡಿದು ಮಕ್ಕಳು ಸತ್ತದ್ದನ್ನು ನಾವೆಲ್ಲ ಕೇಳಿದ್ದೆವು.

“ಆವಾಗ ಯಾಕ ಹೇಳಲಿಲ್ಲೋ?” ಮಾಸ್ತರರು ಅವನ ಭುಜ ಹಿಡಿದು ಕೇಳಿದರು.

“ಹೇಳಿದ್ನಲ್ರಿ ಸರ್,” ಎಂದ ಅವನು, ಮುಷ್ಟಿ ಬಿಚ್ಚಿ. “ಹೇಳಿದ್ದಕ್ಕ ಇದು ಸಿಕ್ತು.”

ಮಾಸ್ತರರು ಅವನನ್ನು ಹೆಗಲ ಮೇಲೆ ಹಾಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ದವಾಖಾನೆಗೆ ಓಡಿದರು. ಎರಡು ದಿನ ಅವನ ಜೀವ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮಾಸ್ತರರು ಅಲ್ಲೇ ಕೂತಿದ್ದರಂತೆ. ನಾನು ಮಾವನ ಮನೆಯಲ್ಲಿ ಅನ್ನ ನೀರು ಬಿಟ್ಟು ಬಿದ್ದಿದ್ದೆ. ಜ್ವರವೆಂದು ಅತ್ತೆ ಕಷಾಯ ಕುಡಿಸಿದಳು. ನಿಜ ಹೇಳುವ ಧೈರ್ಯ ಬರಲಿಲ್ಲ.

ಅವನು ಬದುಕಿದ. ಹದಿನೈದು ದಿನಕ್ಕೆ ಸಾಲೆಗೂ ಬಂದ. ಹಣ್ಣು ಯಾರು ಕೊಟ್ಟರೆಂದು ಮಾಸ್ತರರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಣ್ಣು ಮತ್ತೆ ಮೇಜಿನ ಮೇಲೆ ಕಾಣಲಿಲ್ಲ. ತಿಳಿಯದಿದ್ದರೆ ಕನ್ನಡದಲ್ಲೇ ಕೇಳಿರೆಂದು ಮಾಸ್ತರರು ತಾವಾಗಿಯೇ ಹೇಳಿದರು.

ಗೆಳೆಯ ಮೊದಲಿನಂತೆ ನನ್ನ ಬಾಜೂ ಕೂತ, ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ. ನಾನು ಮಾಡಿದ್ದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಆದರೆ ಆ ವರ್ಷವೆಲ್ಲ, ನನಗೆ ಏನಾದರೂ ಹೇಳಬೇಕಾದಾಗ, ಮೊದಲು ನನ್ನ ಕೈ ನೋಡುತ್ತಿದ್ದ.