ಹುಗ್ಗಿಯನ್ನು ತಡೆದ ಕೊಕ್ಕೆಗಳು

ಸೊರಬದಿಂದ ಫೋನು ಬಂದಿದೆ. ನಾಳೆ ಷಡ್ಡಕನ ಮನೆಯ ತಾರಸಿಗೆ ಮೋಲ್ಡ್ ಹಾಕುತ್ತಾರಂತೆ. ಕಾಯಿ ಒಡೆಯಲು ನಾನೇ ಬರಬೇಕಂತೆ. ಶಲ್ಯಕ್ಕಾಗಿ ಬೀರು ತಡಕಿದರೆ ಕೈಗೆ ಸಿಕ್ಕಿದ್ದು ಗೇಣುದ್ದದ ಕಬ್ಬಿಣದ ಪೈಪು. ನಗಬೇಡಿ. ಕೆಲವರ ಬೀರುವಿನಲ್ಲಿ ಬೆಳ್ಳಿ ಲೋಟ ಇರುತ್ತದೆ, ನನ್ನದರಲ್ಲಿ ಇದು.

ನನ್ನ ಮುಖದಲ್ಲಿ ಅದೇನು ಮಂಗಳಕಳೆ ಕಂಡರೋ, ನಮ್ಮ ಬಳಗದಲ್ಲಿ ಯಾರ ಮನೆಯ ಮೋಲ್ಡಿಗೂ ಕಾಯಿ ಒಡೆಯುವ ಮರ್ಯಾದೆ ನನ್ನದೇ. ಒಡೆಯುವುದು, ಗಂಭೀರವಾಗಿ ತಲೆಯಾಡಿಸುವುದು, ಹುಗ್ಗಿ ಉಣ್ಣುವುದು. ಕೊನೆಯದರಲ್ಲಿ ನನ್ನ ಸಾಧನೆ ಹೆಚ್ಚು.

ಶಿಕಾರಿಪುರದಲ್ಲಿ ತಮ್ಮ ರುದ್ರಪ್ಪನ ಮನೆಯ ಮೋಲ್ಡಿಗೂ ಇಸ್ತ್ರಿ ಜುಬ್ಬಾ ತೊಟ್ಟು ನಿಂತಿದ್ದೆ. ಕಾಂಕ್ರೀಟು ಕಲಸುವ ಮಿಲ್ಲರ್ ಗರಗರ, ಹಂಡೆಯಲ್ಲಿ ಗೋಧಿ ಹುಗ್ಗಿ ಕೊತಕೊತ. ಅಷ್ಟರಲ್ಲಿ ಮೇಲಿನಿಂದ ಗಿರಿಜೆಯ ಕೂಗು: "ಮಿಲ್ಲರ್ ನಿಲ್ಸ್ರೀ!" ಗಿರಿಜೆ ರುದ್ರಪ್ಪನ ಮಗಳು, ಇಂಜಿನಿಯರಿಂಗ್ ಮುಗಿಸಿದ ಮೇಲೆ ಅವಳದು ಇದೇ ಮೊದಲ ಕಟ್ಟಡ.

ತೊಲೆಯೊಳಗಿನ ಉದ್ದ ಕಂಬಿಗಳನ್ನು ಚೌಕ ರಿಂಗುಗಳು ಸುತ್ತಿ ಹಿಡಿದಿರುತ್ತವೆ. ಅವುಗಳ ತುದಿಯನ್ನು ಕೊಕ್ಕೆಯಂತೆ ತೊಲೆಯ ಹೊಟ್ಟೆಯ ಕಡೆಗೆ ಬಾಗಿಸು ಎಂದು ಹಿಂದಿನ ದಿನವೇ ಹೇಳಿದ್ದಳಂತೆ. ಕಂಬಿ ಕಟ್ಟುವ ಬಸಣ್ಣ "ಆತ್ರೀ" ಎಂದು, ಎಂದಿನಂತೆ ಅಂಚಿಗುಂಟ ಮಡಿಸಿಟ್ಟಿದ್ದ.

"ತಂಗೀ, ಇಷ್ಟು ವರ್ಷ ಹಿಂಗೇ ಕಟ್ಟೀನಿ. ಒಂದಾದ್ರೂ ಬಿದ್ದೈತೇನು?"

"ಭಾರಕ್ಕೆ ತೊಲೆ ಸೀಳಿ ಮೇಲಿನ ಕಾಂಕ್ರೀಟು ಉದುರಿದ್ರೆ ಇವು ಬಿಚ್ಚಿಕೊಳ್ತಾವೆ, ಬಸಣ್ಣ. ಒಳಗೆ ಕಚ್ಚಿಕೊಂಡಿದ್ರೆ ಬಿಚ್ಚಲ್ಲ."

"ಯವ್ವಾ, ಮುಹೂರ್ತ ಮೀರ್ತದೆ! ಬೀಗರೆಲ್ಲ ನೋಡಾಕತ್ಯಾರ" ಎಂದ ರುದ್ರಪ್ಪ.

"ಅದಕ್ಕೇ ಅಪ್ಪಾ. ನಮ್ಮನೇಲೇ ಬಿಟ್ಟುಕೊಟ್ರೆ ಇನ್ಯಾರ ಸೈಟಲ್ಲಿ ನನ್ನ ಮಾತು ನಡೀತದೆ?"

ಎಲ್ಲರೂ ನನ್ನತ್ತ ತಿರುಗಿದರು. ನಾನು ಎರಡೂ ಕಡೆಗೆ ಸಮನಾಗಿ ತಲೆಯಾಡಿಸಿದೆ. ಗಿರಿಜೆ ನನ್ನನ್ನೊಮ್ಮೆ ನೋಡಿ ಕೆಳಗೆ ಬಗ್ಗಿದಳು: "ಅವ್ವಾ, ಕೊಕ್ಕೆ ಬಾಗೋವರೆಗೂ ಹುಗ್ಗಿ ಬಡಿಸಬ್ಯಾಡ!"

ಅವಳವ್ವ ಹಂಡೆಗೆ ಮುಚ್ಚಳ ಹಾಕಿ, ಸೌಟು ಹಿಡಿದು ಕಾವಲು ಕೂತಳು.

"ಹೊಟ್ಟಿಗೇ ಕೈ ಹಾಕಿದ್ಯಲ್ಲ ತಾಯಿ!" ಎಂದು ಬಸಣ್ಣ ನಕ್ಕುಬಿಟ್ಟ. ಪೈಪು ತುಂಡರಿಸಿ ತನ್ನವರಿಗೆ ಹಂಚಿದ, ಆಮೇಲೆ ನಮಗೂ. ಶಾಸ್ತ್ರಕ್ಕೆ ಬಂದ ನೆಂಟರೆಲ್ಲ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ರಿಂಗಿನ ತುದಿಗೆ ಪೈಪು ತೂರಿಸಿ ಒಳಕ್ಕೆ ಎಳೆಯುವುದು, ಅಷ್ಟೇ ವಿದ್ಯೆ.

"ದೊಡ್ಡಪ್ಪಾ, ನೀವು ಹೊರಕ್ಕೆ ಬಗ್ಗಿಸ್ತಿದೀರಿ!"

"ಬೀಗರೇ, ಜಗ್ರೀ! ಹುಗ್ಗಿ ವಾಸ್ನಿ ಬರಾಕತ್ತೈತಿ!" ಎಂದು ಕೂಗಿದ ಬಸಣ್ಣ.

ಮುಹೂರ್ತ ಇಟ್ಟುಕೊಟ್ಟ ಅಯ್ಯನವರೇ ಎರಡು ಕೊಕ್ಕೆ ಬಗ್ಗಿಸಿ, ಬೆವರೊರೆಸಿಕೊಂಡು, ಮಧ್ಯಾಹ್ನಕ್ಕೆ ಇನ್ನೂ ಉತ್ತಮ ಮುಹೂರ್ತವಿದೆಯೆಂದು ಕಂಡುಕೊಂಡರು. ಗಿರಿಜೆ ಪ್ರತಿ ಕೊಕ್ಕೆಯನ್ನೂ ಜಗ್ಗಿ ನೋಡಿದಳು. ಕಡೆಯದನ್ನು ಜಗ್ಗಿ, ಮುಖವೆಲ್ಲ ನಗುವಾಗಿ, "ಈಗ ಒಡೀರಿ ದೊಡ್ಡಪ್ಪ" ಎಂದಳು. ಜುಬ್ಬಾದ ತುಂಬ ತುಕ್ಕು. ಕಾಯಿ ಒಂದೇ ಏಟಿಗೆ ಒಡೆಯಿತು. ಆ ಹುಗ್ಗಿಯ ರುಚಿಯನ್ನು ನಾನು ವರ್ಣಿಸಲಾರೆ. ನನ್ನ ಪಾಲಿನ ಪೈಪು ಅಂದೇ ಜುಬ್ಬಾದ ಜೇಬಿನಲ್ಲಿ ಮನೆಗೆ ಬಂತು.

"ಕಾಯಿ ಒಡೆಯೋಕೆ ಪೈಪ್ಯಾಕ್ರೀ?" ಎನ್ನುತ್ತಿದ್ದಾಳೆ ಹೆಂಡತಿ. ಅದನ್ನು ಶಲ್ಯದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಎರಡೂ ಕಡೆ ತಲೆಯಾಡಿಸುವ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ. ಸೊರಬಕ್ಕೆ ಫೋನು ಹಚ್ಚಿ ಹೇಳಿದೆ: "ಬರ್ತೀನಪ್ಪಾ. ಆದರೆ ನಾನು ಏಣಿ ಹತ್ತಿ ಕೊಕ್ಕೆ ಜಗ್ಗಿ ನೋಡಿ ಇಳಿಯೋವರೆಗೂ ಯಾರಿಗೂ ಎಲೆ ಹಾಕಬೇಡಿ."